ಭಾಗಿಸದೆಯೇ ಹೇಗೆ ಹೇಳುತ್ತೀರಿ?

ಗಣಿತ ಪಾಠ ಮಾಡುವವಳು ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಕೇಳುವುದು ಇದನ್ನೇ: ದೊಡ್ಡ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು ಒಂದೊಂದರಿಂದಲೂ ಭಾಗಿಸುತ್ತಾ ಕೂರಬೇಕೇ? ಬೇಕಿಲ್ಲ. ಸಂಖ್ಯೆ ಹೇಗೆ ರಚನೆಯಾಗಿದೆ ಎಂದು ಗೊತ್ತಿದ್ದರೆ ಭಾಜಕ ಎಲ್ಲಿರಬಹುದೆಂಬ ಸುಳಿವು ಅದರಲ್ಲೇ ಇರುತ್ತದೆ.

ನನಗೆ ಬಹಳ ಇಷ್ಟವಾದ ಸಂಖ್ಯೆಯನ್ನೇ ತೆಗೆದುಕೊಳ್ಳಿ: 4294967297. ಓದುವುದಾದರೆ 429 ಕೋಟಿ 49 ಲಕ್ಷದ 67 ಸಾವಿರದ 297. ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಮೊತ್ತ. ಘಾತ 1, 2, 4, 8, 16 ಇದ್ದಾಗ ಇದೇ ರೀತಿ ಬರುವ 3, 5, 17, 257, 65537 ಐದೂ ಅವಿಭಾಜ್ಯ. ಹಾಗಾಗಿ ಮುಂದಿನವೂ ಅವಿಭಾಜ್ಯವೇ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಮುರಿದ: ಅದು 641 × 6700417.

ಸುಮ್ಮನೆ ಭಾಗಿಸುತ್ತಾ ಹೋದರೆ ವರ್ಗಮೂಲದವರೆಗೆ, ಅಂದರೆ 65536ರ ತನಕ, 6542 ಅವಿಭಾಜ್ಯಗಳಿವೆ. ಆದರೆ ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಆಯ್ಲರ್ ಇದನ್ನು ಆಮೇಲೆ ಸಾಧಿಸಿ ತೋರಿಸಿದ. ಅದಕ್ಕೆ ಬೇಕಾಗುವುದು ಫರ್ಮಾನದೇ ಪ್ರಮೇಯ ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ. ಈ ಜರಡಿ ಹಿಡಿದರೆ ಮೊದಲಿಗೆ ಉಳಿಯುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು.

641 ಭಾಗಿಸುತ್ತದೆ ಎಂಬುದನ್ನೂ ಭಾಗಾಕಾರವಿಲ್ಲದೆ ತೋರಿಸಬಹುದು. ಪೆನ್ನು ತೆಗೆದುಕೊಳ್ಳಿ. 641ರಿಂದ ಭಾಗಿಸಿದಾಗಿನ ಶೇಷವನ್ನಷ್ಟೇ ನೋಡೋಣ. 640 ಎಂದರೆ 641ಕ್ಕೆ ಒಂದು ಕಡಿಮೆ, ಹಾಗಾಗಿ ಆ ಲೆಕ್ಕದಲ್ಲಿ ಅದು −1. 640 ಎಂದರೆ 5 × 128, ಅಂದರೆ 5 ಗುಣಿಸು 2ರ 7ನೇ ಘಾತ. ಇದನ್ನು 4ನೇ ಘಾತಕ್ಕೆ ಏರಿಸಿದರೆ ಒಂದು ಕಡೆ 1, ಇನ್ನೊಂದು ಕಡೆ 625 ಗುಣಿಸು 2ರ 28ನೇ ಘಾತ. ಆದರೆ 625 + 16 = 641, ಆದ್ದರಿಂದ 625ರ ಬದಲು −16 ಬರೆಯಬಹುದು. 16 ಎಂದರೆ 2ರ 4ನೇ ಘಾತ. 4ಕ್ಕೆ 28 ಸೇರಿ 32. ಅಂದರೆ 2ರ 32ನೇ ಘಾತದ ಶೇಷ −1. ಅದಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ! ಹತ್ತಂಕಿಯ ಸಂಖ್ಯೆಯನ್ನು ಮುಟ್ಟದೆಯೇ ಅದು ಒಡೆದುಹೋಯಿತು.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾಜಕವೇ ಸಿಗದಿದ್ದರೆ ಏನು ಮಾಡುತ್ತೀರಿ ಎನ್ನುತ್ತಾರೆ. ಅದಕ್ಕೂ ದಾರಿಯಿದೆ. ಈ ಸಾಲಿನ ಸಂಖ್ಯೆಗಳಿಗೆಂದೇ 1877ರಲ್ಲಿ ಗಣಿತಜ್ಞ ಪೆಪಾಂ ಕೊಟ್ಟ ಪರೀಕ್ಷೆಯಲ್ಲಿ 3ರಿಂದ ಶುರುಮಾಡಿ ಮತ್ತೆ ಮತ್ತೆ ವರ್ಗ ಮಾಡುವುದು, ಪ್ರತಿ ಸಲ ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳುವುದು. ನಮ್ಮ ಸಂಖ್ಯೆಗೆ 31 ಸಲ ಸಾಕು. ಕೊನೆಯ ಶೇಷ −1 ಆಗದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ. ಇದೇ ಸಾಲಿನಲ್ಲಿ ಘಾತ 1,67,77,216 ಆಗಿರುವ ಸಂಖ್ಯೆಗೆ 50 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವಲ್ಲ ಎಂದು 1999ರಲ್ಲಿ ಕಂಪ್ಯೂಟರ್‌ಗಳು ಹೀಗೆಯೇ ತೋರಿಸಿಕೊಟ್ಟವು. ಅದರ ಒಂದೇ ಒಂದು ಭಾಜಕವೂ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.