ಒಂದು ಸಾಕು ಎಂದವರು

"ನಿಮಗೇಕೆ ಅಷ್ಟೊಂದು ಚಿಂತೆ? ಮರಿ ಹಾಕಿಸುವುದಕ್ಕೆ ಒಂದು ಸಾಕು."

ಗುಂಡನನ್ನು ನಮಗೆ ಮಾರಿದವರು ಮೊನ್ನೆ ಫೋನಿನಲ್ಲಿ ಹೇಳಿದ ಮಾತು. ಹೇಳಿ ನಕ್ಕರು ಕೂಡ. ಅಂದಿನಿಂದ ಈ ವಾಕ್ಯ ತಲೆಯೊಳಗೆ ಸುತ್ತುತ್ತಲೇ ಇದೆ. ಅದು ಸುಳ್ಳಾಗಿದ್ದರೆ ಬೈದು ಮರೆತುಬಿಡುತ್ತಿದ್ದೆ. ತೊಂದರೆಯೆಂದರೆ ಅದು ಅಪ್ಪಟ ನಿಜ.

ಗುಂಡ ಪೊಮೆರೇನಿಯನ್ ಮರಿ. ಆರು ತಿಂಗಳು ದಾಟಿದರೂ ಎಡ ವೃಷಣವೊಂದೇ ಚೀಲಕ್ಕೆ ಇಳಿದಿದೆ, ಬಲದ್ದರ ಪತ್ತೆಯಿಲ್ಲ. ಮೊದಲ ಲಸಿಕೆಯ ದಿನವೇ ಪಶುವೈದ್ಯೆ ಇದನ್ನು ಗಮನಿಸಿದ್ದರು. ಆದರೆ ಆಗ ತೀರ್ಪು ಕೊಡಲು ಒಪ್ಪಲಿಲ್ಲ. ಮರಿ ಹೆದರಿದಾಗ, ಮೇಜು ತಣ್ಣಗಿದ್ದಾಗ ಸ್ನಾಯು ಸೆಟೆದು ವೃಷಣವನ್ನು ಮೇಲಕ್ಕೆ ಸೆಳೆದುಕೊಳ್ಳುತ್ತದೆಯಂತೆ. ಇವತ್ತು ಕೈಗೆ ಸಿಗದದ್ದು ಮುಂದಿನ ಸಲ ಸಿಕ್ಕೀತು. "ಆರು ತಿಂಗಳವರೆಗೆ ಕಾಯೋಣ, ಆಮೇಲೆ ಕಾಯುವುದರಲ್ಲಿ ಅರ್ಥವಿಲ್ಲ" ಎಂದಿದ್ದರು. ಈ ವಾರ ಆ ಗಡುವು ಮುಗಿಯಿತು.

ಆ ಗಡುವಿಗೆ ಕಾರಣವಿದೆ. ಭ್ರೂಣದಲ್ಲಿ ವೃಷಣ ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಅಲ್ಲಿಂದ ಅದು ಹಿಂದಕ್ಕೆ ಸರಿಯುತ್ತ ಬಂದು, ತೊಡೆಸಂದಿನ ಕಿಂಡಿಯಲ್ಲಿ ತೂರಿ, ಚೀಲ ಸೇರಬೇಕು. ನಾಯಿಗಳಲ್ಲಿ ಈ ದಾರಿಯ ಕೊನೆಯ ಭಾಗ ಕ್ರಮಿಸುವುದು ಹುಟ್ಟಿದ ನಂತರವೇ. ಸಾಮಾನ್ಯವಾಗಿ ಎಂಟು ವಾರಗಳ ಹೊತ್ತಿಗೆ ಎರಡೂ ಕೆಳಗಿರುತ್ತವೆ. ಕೆಲವು ಸೋಮಾರಿಗಳು ತಡಮಾಡುತ್ತವೆ. ಆರು ತಿಂಗಳ ಆಸುಪಾಸಿನಲ್ಲಿ ಕಿಂಡಿಯೇ ಕಿರಿದಾಗಿಬಿಡುವುದರಿಂದ ಆಮೇಲೆ ಇಳಿಯುವ ಆಸೆಯಿಲ್ಲ. ಬಲಗಡೆಯದು ಇನ್ನೂ ಮುಂದಿನಿಂದ ಹೊರಡಬೇಕು, ದಾರಿ ಹೆಚ್ಚು. ಹಿಂದುಳಿಯುವುದೂ ಹೆಚ್ಚಾಗಿ ಅದೇ.

ಈ ಸಲ ವೈದ್ಯೆ ಅವಸರಪಡಲಿಲ್ಲ. ಮೊದಲು ನಿಲ್ಲಿಸಿ, ಆಮೇಲೆ ಬೆನ್ನ ಮೇಲೆ ಮಲಗಿಸಿ, ತೊಡೆಸಂದಿನಿಂದ ಚೀಲದವರೆಗೆ ಬೆರಳುಗಳನ್ನು ಒತ್ತಿ ಒತ್ತಿ ಇಳಿಸಿದರು. ಒಂದು ಕಡೆ ಏನೋ ಗಂಟು ಸಿಕ್ಕಿತು. ನಾನು ಖುಷಿಪಡುವಷ್ಟರಲ್ಲಿ "ಇದು ಕೊಬ್ಬು" ಎಂದರು. ಸ್ಕ್ಯಾನಿಂಗ್‌ನಲ್ಲಿ ಬಲ ವೃಷಣ ಕಾಣಿಸಿದ್ದು ಹೊಟ್ಟೆಯೊಳಗೇ, ಮೂತ್ರಕೋಶದ ಪಕ್ಕದಲ್ಲಿ, ಬಹಳ ಚಿಕ್ಕದಾಗಿ. ಗುಂಡ ಅಷ್ಟೂ ಹೊತ್ತು ವೈದ್ಯೆಯ ಮುಂಗೈಯನ್ನು ನೆಕ್ಕುತ್ತಿದ್ದ. ಅವನಿಗೆ ಮಾನ ಮರ್ಯಾದೆಯ ಪ್ರಶ್ನೆಯೇ ಇಲ್ಲ. ಅದೆಲ್ಲ ಇರುವುದು ನಮ್ಮ ಮನೆಯ ಗಂಡಸರಿಗೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮನೆಗೆ ಬಂದು ಮಾರಿದವರಿಗೆ ಫೋನು ಮಾಡಿದ್ದು ಜಗಳಕ್ಕಲ್ಲ. ಅವರ ಮನೆಯಲ್ಲಿ ಗುಂಡನ ತಾಯಿ ಇದ್ದಾಳೆ, ತಂದೆಯೂ ಇದ್ದಾನೆ. ತಿಳಿಸುವುದು ಧರ್ಮ ಎನಿಸಿತು. ಆಗ ಬಂದ ಉತ್ತರವೇ ಅದು: "ಮರಿ ಹಾಕಿಸುವುದಕ್ಕೆ ಒಂದು ಸಾಕು." ಮರಿ ಹಾಕಿಸುವ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ನಗು ಮುಗಿದ ಮೇಲೆ, ಹವಾಮಾನ ಹೇಳುವ ಧಾಟಿಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿದರು: "ಹಿಂದಿನ ಸೂಲಿನಲ್ಲೂ ಒಂದಕ್ಕೆ ಹೀಗೇ ಇತ್ತು."

ಅವರು ದುಷ್ಟರಲ್ಲ. ಮರಿಗಳನ್ನು ಶುಚಿಯಾಗಿ ಇಟ್ಟಿದ್ದರು, ಲಸಿಕೆಯ ದಾಖಲೆ ಸರಿಯಾಗಿತ್ತು, ಗುಂಡನಿಗೆ ಭೇದಿಯಾದಾಗ ರಾತ್ರಿ ಹೊತ್ತಲ್ಲಿ ಫೋನೆತ್ತಿ ಸಮಾಧಾನ ಹೇಳಿದ್ದರು. ಆದರೆ ಒಂದು ವೃಷಣ ಸಾಕು ಎನ್ನುವುದು ಅವರಿಗೆ ಸಮಾಧಾನದ ಮಾತು, ನನಗೆ ಅದೇ ದೂರಿನ ಮೂಲ. ಚೀಲದಲ್ಲಿರುವ ವೃಷಣ ವೀರ್ಯಾಣು ತಯಾರಿಸುತ್ತದೆ. ಒಳಗೆ ಉಳಿದದ್ದು ದೇಹದ ಬಿಸಿಯಲ್ಲಿ ಆ ಕೆಲಸ ಮಾಡಲಾರದು, ಆದರೆ ಗಂಡು ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ. ಆದ್ದರಿಂದ ಇಂಥ ನಾಯಿ ಎಲ್ಲ ಗಂಡು ನಾಯಿಗಳಂತೆ ಬೆದೆಯ ವಾಸನೆಗೆ ಓಡುತ್ತದೆ, ಮರಿಗಳಿಗೆ ತಂದೆಯೂ ಆಗುತ್ತದೆ. ಈ ದೋಷ ವಂಶದಲ್ಲಿ ಹರಿಯುವಂಥದ್ದು. ಒಂದು ಸಾಕಾಗುವುದರಿಂದಲೇ ಅದು ಇಷ್ಟು ದೂರ ಹರಿದುಬಂದಿದೆ. ಒಂದು ಸಾಲದೆ ಹೋಗಿದ್ದರೆ ನಾನು ಈ ಬರಹ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

"ಇಳಿಸಲು ಇಂಜೆಕ್ಷನ್ ಇದೆಯಂತೆ, ಕೊಡಿಸಿ" ಎಂದೂ ಅವರು ಸಲಹೆ ಕೊಟ್ಟರು. ವೈದ್ಯೆಯನ್ನು ಕೇಳಿದೆ. ಹಾರ್ಮೋನ್ ಇಂಜೆಕ್ಷನ್ ಇದೆ, ನಾಯಿಗಳಲ್ಲಿ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಎಂದರು. "ಒಂದು ವೇಳೆ ಇಳಿದರೂ ಆಗುವುದೇನು? ದೋಷ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ."

ಶಸ್ತ್ರಚಿಕಿತ್ಸೆ ಮಾಡಿ ಎರಡನ್ನೂ ತೆಗೆಸುವುದೇ ಸರಿ ಎಂಬುದು ವೈದ್ಯೆಯ ಸಲಹೆ. ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವಳ ಮಗನಿಗೆ ಕೂಸಾಗಿದ್ದಾಗ ಇದೇ ತೊಂದರೆ ಇತ್ತು, ಶಸ್ತ್ರಚಿಕಿತ್ಸೆ ಮಾಡಿ ಇಳಿಸಿ ಹೊಲಿದಿದ್ದರು. "ಮನುಷ್ಯರಿಗೆ ಇಳಿಸುತ್ತಾರೆ, ನಾಯಿಗೆ ತೆಗೆಯುತ್ತಾರೆ, ಇದು ಯಾವ ನ್ಯಾಯ?" ಎಂದು ಕೇಳಿದಳು. ಪ್ರಶ್ನೆ ಚೆನ್ನಾಗಿದೆ. ಗಂಡು ಕೂಸಿಗೆ ಮುಂದೆ ಮಕ್ಕಳಾಗಬೇಕು, ಆ ಆಸೆಯನ್ನು ಉಳಿಸಲು ಬೇಗ ಇಳಿಸುತ್ತಾರೆ. ಗುಂಡನಿಗೆ ಮಕ್ಕಳಾಗಲೇಬಾರದು.

ಇನ್ನು ಭಾವನವರು. ಗುಂಡನನ್ನು ಎತ್ತಿಕೊಂಡು "ಪಾಪ, ಇವನ ಗಂಡಸುತನವನ್ನೇ ಕಿತ್ತುಕೊಳ್ಳುತ್ತೀರಲ್ಲ" ಎಂದು ಮರುಗಿದರು. ಹಿಂದೆ ನಮ್ಮ ಹೆಣ್ಣು ನಾಯಿಯ ಗರ್ಭಕೋಶ ತೆಗೆಸಿದಾಗ ಅವರೇ "ಒಳ್ಳೆಯದಾಯಿತು, ಕಾಟ ತಪ್ಪಿತು" ಎಂದಿದ್ದರು. ಅದೂ ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಯೇ. ಕರುಣೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅವರು ರಾಜಿಸೂತ್ರವೊಂದನ್ನು ಮುಂದಿಟ್ಟರು: ಕೆಳಗಿರುವುದನ್ನು ತೆಗೆಸಿ, ಹೊಟ್ಟೆ ಕೊಯ್ಯುವುದು ಬೇಡ. ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿರಲಾರದು. ನಿರುಪದ್ರವಿಯಾದದ್ದು ಹೋಗಿ, ಅಪಾಯಕಾರಿ ಒಳಗೇ ಕೂರುತ್ತದೆ. ಹೀಗೆ ಉಳಿದ ವೃಷಣದಲ್ಲಿ ಗಡ್ಡೆಯಾಗುವ ಸಂಭವ ಸರಿಯಾಗಿ ಇಳಿದದ್ದಕ್ಕಿಂತ ಸುಮಾರು 13 ಪಟ್ಟು ಹೆಚ್ಚು ಎಂದು ಪಶುವೈದ್ಯರು ಹೇಳುತ್ತಾರೆ. ಅವುಗಳಲ್ಲಿ ಸರ್ಟೋಲಿ ಕೋಶದ ಗಡ್ಡೆ ಎಂಬುದೊಂದಿದೆ. ಅದು ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ಸುರಿಸತೊಡಗಿದರೆ ಗಂಡು ನಾಯಿಯ ಮೊಲೆ ಊದಿಕೊಳ್ಳುತ್ತದೆ, ಮೈಕೂದಲು ಉದುರುತ್ತದೆ, ಮೂಳೆಮಜ್ಜೆ ರಕ್ತಕಣ ತಯಾರಿಸುವುದನ್ನೇ ಕಡಿಮೆ ಮಾಡಬಹುದು. ಚೀಲದಲ್ಲಿದ್ದರೆ ಗಡ್ಡೆ ಕೈಗೆ ಸಿಗುತ್ತದೆ. ಹೊಟ್ಟೆಯೊಳಗಿನದು ಯಾರಿಗೆ ಗೊತ್ತಾಗಬೇಕು? ಭಾವನವರಿಗೆ ಇದೆಲ್ಲ ಹೇಳಿದೆ. ಮೊಲೆ ಊದಿಕೊಳ್ಳುತ್ತದೆ ಎಂದಕೂಡಲೇ ಗಂಡಸುತನದ ಮಾತು ನಿಂತಿತು.

ಹಾಗಾದರೆ ನಾಳೆಯೇ ಮಾಡಿಸೋಣ ಎಂದು ಹೊರಟವರನ್ನು ತಡೆದದ್ದು ವೈದ್ಯೆ. ಈ ಗಡ್ಡೆಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ನಡುವಯಸ್ಸು ದಾಟಿದ ಮೇಲೆ. ಕೆಲವು ವಾರ ಕಾದರೆ ಏನೂ ಕೆಡುವುದಿಲ್ಲ, ವರ್ಷಗಟ್ಟಲೆ ಮರೆತರೆ ಕೆಡುತ್ತದೆ. ದೊಡ್ಡ ತಳಿಯಾಗಿದ್ದರೆ ಇನ್ನೂ ಹೆಚ್ಚು ಯೋಚಿಸುತ್ತಿದ್ದೆ ಎಂದರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2013ರಲ್ಲಿ ಗೋಲ್ಡನ್ ರಿಟ್ರೀವರ್‌ಗಳ ಬಗ್ಗೆ, 2020ರಲ್ಲಿ 35 ತಳಿಗಳ ಬಗ್ಗೆ ಅಧ್ಯಯನ ಪ್ರಕಟಿಸಿದ್ದಾರೆ. ಮೂಳೆ ಬೆಳೆದು ಮುಗಿಯುವ ಮೊದಲೇ ಸಂತಾನಹರಣ ಮಾಡಿದರೆ ಹಲವು ದೊಡ್ಡ ತಳಿಗಳಲ್ಲಿ ಕೀಲಿನ ತೊಂದರೆ ಹೆಚ್ಚುತ್ತದೆ, ಪುಟ್ಟ ತಳಿಗಳಲ್ಲಿ ಹಾಗೆ ಕಾಣಲಿಲ್ಲ. ಗುಂಡನದು ಪುಟ್ಟ ತಳಿ. ಆದ್ದರಿಂದ ಮುಂದಿನ ತಿಂಗಳು, ರಕ್ತಪರೀಕ್ಷೆ ಮಾಡಿಸಿ, ಒಂದೇ ಅರಿವಳಿಕೆಯಲ್ಲಿ ಎರಡನ್ನೂ ತೆಗೆಯುವುದೆಂದು ತೀರ್ಮಾನವಾಗಿದೆ.

ಗುಂಡನ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಆದರೆ ಆ ಫೋನಿನ ಮಾತು ಬಿಡಲಿಲ್ಲ. ಗುಂಡನ ಸೂಲಿನದೇ ಹೆಣ್ಣುಮರಿಯೊಂದು ನಮ್ಮ ಪರಿಚಯದವರ ಮನೆಯಲ್ಲಿದೆ. ಸುಂದರಿ, ಒಂದು ಕುಂದಿಲ್ಲ, ಅವಳಿಂದ ಮರಿ ಮಾಡಿಸಬೇಕೆಂದು ಅವರು ಆಗಲೇ ಹೆಸರುಗಳನ್ನೂ ಯೋಚಿಸಿದ್ದಾರೆ. ನಿನ್ನೆ ಅವರಿಗೆ ವಿಷಯ ತಿಳಿಸಿದೆ.

"ಆದರೆ ನಮ್ಮದು ಹೆಣ್ಣಲ್ಲವೇ?" ಎಂದರು.

ಹೆಣ್ಣಿನಲ್ಲಿ ಈ ದೋಷ ಕಾಣಿಸಿಕೊಳ್ಳಲು ಜಾಗವಿಲ್ಲ, ಸಾಗಿಸಲು ಅಡ್ಡಿಯೂ ಇಲ್ಲ. ತಾಯಿ ತಂದೆ ಇಬ್ಬರ ಕಡೆಯಿಂದಲೂ ಇದು ಬರುತ್ತದೆ ಎಂದು ತಿಳಿದವರು ಭಾವಿಸುವುದರಿಂದಲೇ, ಇಂಥ ಮರಿಗಳ ಅಪ್ಪ ಅಮ್ಮನನ್ನೂ ಒಡಹುಟ್ಟಿದವನ್ನೂ ಮರಿ ಮಾಡಿಸಲು ಬಳಸಬಾರದು ಎನ್ನುತ್ತಾರೆ. ಇಷ್ಟನ್ನು ವಿವರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹಿಂದಿನ ಸೂಲಿನಲ್ಲೂ ಹೀಗಾಗಿತ್ತು ಎಂಬುದನ್ನು ಮಾರಿದವರು ತಮಗೇಕೆ ಹೇಳಲಿಲ್ಲ ಎಂದು ಕೇಳಿದರು. ಅದನ್ನು ಅವರನ್ನೇ ಕೇಳಿ ಎಂದು ನಂಬರು ಕಳುಹಿಸಿದ್ದೇನೆ.