ಮುರಕಲ್ಲಿನ ನೆರಳಿಗೆ ಯಾವ ಬಣ್ಣ?

ಕಾಸರಗೋಡಿನ ಕಾಲೇಜಿನಲ್ಲಿ ಈ ಸಲ ನಾನು ಚಿತ್ರಕಲೆಯ ಪ್ರಾಥಮಿಕ ಪಾಠವನ್ನು ಆಯ್ದುಕೊಂಡಿದ್ದೇನೆ. ಆರಂಭದಲ್ಲಿ ಬಣ್ಣದ ಪೆಟ್ಟಿಗೆಯನ್ನು ತೆರೆಯಗೊಡದೆ, ಬಿಳಿಯಿಂದ ಕಪ್ಪಿನವರೆಗಿನ ಬೂದು ಛಾಯೆಗಳನ್ನಷ್ಟೇ ಸಾಲಾಗಿ ಬಳಿಯಿಸಿದ ಮಾಸ್ತರರ ಕ್ರಮ ಎಷ್ಟು ಸರಿಯಾದುದೆಂದು ಈಗ ಮನವರಿಕೆಯಾಗುತ್ತಿದೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಮಸುಕಾಗಿ, ಬೆಳಕು ಎಲ್ಲಿ ಬಿದ್ದಿದೆ, ನೆರಳು ಎಲ್ಲಿ ದಟ್ಟವಾಗಿದೆ ಎಂಬುದು ಮಾತ್ರ ಉಳಿಯುತ್ತದೆ.

ಈಗ ಬೇಕಲ ಕೋಟೆಯ ಗೋಡೆಯನ್ನು ಜಲವರ್ಣದಲ್ಲಿ ಬರೆಯುತ್ತಿದ್ದೇವೆ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಈ ಕೋಟೆಯ ಮುರಕಲ್ಲಿಗೆ (ಜಂಬಿಟ್ಟಿಗೆ ಕಲ್ಲಿಗೆ) ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ನಮ್ಮ ಪೆಟ್ಟಿಗೆಯ ಬರ್ನ್ಟ್ ಸಿಯೆನಾ ಎಂಬ ಕಿತ್ತಳೆ ಛಾಯೆಯ ಕಂದು ಕೂಡ ಮೂಲತಃ ಕಬ್ಬಿಣದ ಅಂಶವಿರುವ ಮಣ್ಣನ್ನು ಸುಟ್ಟು ಪಡೆದ ಬಣ್ಣವೇ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಅದಕ್ಕೆ ಅಲ್ಟ್ರಾಮರೀನ್ ನೀಲಿಯನ್ನು ಬೆರೆಸಿದರೆ, ಕಿತ್ತಳೆಯೂ ನೀಲಿಯೂ ವರ್ಣಚಕ್ರದಲ್ಲಿ ಎದುರುಬದುರಾಗಿರುವ ಪೂರಕ ವರ್ಣಗಳಾದ್ದರಿಂದ, ಒಂದನ್ನೊಂದು ತಗ್ಗಿಸಿ ಬೂದು ಹುಟ್ಟುತ್ತದೆ. ಕಪ್ಪು ಬೆರೆಸಿದ ನೆರಳು ನಿರ್ಜೀವವಾಗಿ ಕಾಣುತ್ತದೆ. ಈ ಬೂದಿನಲ್ಲಾದರೋ ಕಲ್ಲಿನ ಕಾವೂ ಕಡಲ ಕಡೆಯ ಆಕಾಶವೂ ಒಟ್ಟಿಗೆ ಉಳಿಯುತ್ತವೆ.

ನಮ್ಮ ಮನೆಯ ಗೋಡೆ, ಬಾವಿಕಟ್ಟೆ, ತೋಟದ ಪಾಗಾರ ಎಲ್ಲವೂ ಇದೇ ಕಲ್ಲಿನವು. ಸಂಜೆಯ ಬಿಸಿಲಿನಲ್ಲಿ ಅದರ ತೂತುಗಳ ಒಳಗೆ ನೇರಳೆಯ ಛಾಯೆ ಇರುವುದನ್ನು ಇಷ್ಟು ವರ್ಷ ನೋಡಿಯೂ ಗಮನಿಸಿರಲಿಲ್ಲ. ಈಗ ದಾರಿಯಲ್ಲಿ ಹೋಗುವಾಗಲೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಮುಂದಿನ ಪಾಠ ಚಂದ್ರಗಿರಿ ಹೊಳೆಯದು. ನೀರಿನ ಹೊಳಪಿಗೆ ಬಿಳಿ ಬಣ್ಣ ಹಚ್ಚದೆ, ಕಾಗದದ ಬಿಳಿಯನ್ನೇ ಮೊದಲಿನಿಂದ ಕಾಪಾಡಿಕೊಳ್ಳಬೇಕಂತೆ.