ಅರವತ್ತೊಂಬತ್ತನ್ನು ಒಪ್ಪದ ನಮೂನೆ

ಅಮೆರಿಕದ ಮಧ್ಯಪಶ್ಚಿಮದ ಒಂದು ಪ್ರಯೋಗಾಲಯದಲ್ಲಿ ಜೇಕಿನ ಕುಟುಂಬದ ಸಸ್ಯಗಳ ವರ್ಣತಂತುಗಳನ್ನು ಎಣಿಸುವುದು ನನ್ನ ಕೆಲಸ. ನಮ್ಮೂರ ಹೊಲಗಳಲ್ಲಿ ಎಷ್ಟು ಕಿತ್ತರೂ ಹೋಗದ ಕೊನ್ನಾರಿ ಗಡ್ಡೆಯೂ ಇದೇ ಕುಟುಂಬದ್ದು. ಆದರೆ ನನ್ನ ಮೇಜಿಗೆ ಬರುವುದು ಇಲ್ಲಿನ ತೇವದ ಹುಲ್ಲುಗಾವಲುಗಳ ಕ್ಯಾರೆಕ್ಸ್ ಸ್ಕೋಪೇರಿಯಾ. ಈ ಒಂದೇ ಪ್ರಭೇದದ ಗಿಡಗಳಲ್ಲಿ 56ರಿಂದ 70ರವರೆಗೆ ವರ್ಣತಂತುಗಳಿರುವುದು ವರದಿಯಾಗಿದೆ. ಅದು ತಿಳಿದಿದ್ದರೂ, ಕಿರಿಯ ಸಹೋದ್ಯೋಗಿಯೊಬ್ಬಳು 69 ಎಂದು ಬರೆದು ತಂದಾಗ ನಾನು ಒಪ್ಪಲಿಲ್ಲ.

ನನ್ನ ಕಣ್ಣು ಪಳಗಿದ್ದು ಈರುಳ್ಳಿ ಮತ್ತು ಲಿಲ್ಲಿಯ ಸ್ಲೈಡುಗಳ ಮೇಲೆ. ಅಲ್ಲಿ ಪ್ರತಿ ವರ್ಣತಂತುವಿಗೂ ಒಂದು ಸೆಂಟ್ರೋಮಿಯರ್, ಅಂದರೆ ಅದನ್ನು ಕೋಶದ ಧ್ರುವಕ್ಕೆ ಎಳೆಯುವ ಕದಿರಿನ ಎಳೆಗಳು ಹಿಡಿಯುವ ಜಾಗ, ಇರುತ್ತದೆ. ಅದಿಲ್ಲದ ತುಂಡು ಕೋಶವಿಭಜನೆಯಲ್ಲಿ ಹಿಂದೆ ಬಿದ್ದು ಕಳೆದುಹೋಗುತ್ತದೆ. ಕ್ಯಾರೆಕ್ಸ್‌ನಲ್ಲಿ ಕದಿರಿನ ಎಳೆಗಳು ವರ್ಣತಂತುವಿನ ಉದ್ದಕ್ಕೂ ಹಿಡಿಯುವುದರಿಂದ, ಮುರಿದ ಎರಡು ತುಂಡುಗಳೂ ಧ್ರುವ ಸೇರಿ ಮುಂದಿನ ತಲೆಮಾರಿಗೆ ದಾಟಬಲ್ಲವು. ಇದನ್ನು ತರಬೇತಿಯಲ್ಲಿ ಇತರರಿಗೆ ಹೇಳಿಕೊಡುವವನೂ ನಾನೇ. ಆದರೂ ವರ್ಣತಂತುಗಳು ಜೋಡಿಜೋಡಿಯಾಗಿಯೇ ಇರಬೇಕೆಂಬ ರೂಢಿಯಿಂದ, ಬೆಸ ಸಂಖ್ಯೆ ಕಂಡೊಡನೆ, ಕವರ್‌ಸ್ಲಿಪ್ಪನ್ನು ಜೋರಾಗಿ ತಟ್ಟಿದ್ದೀಯ, ಒಂದು ಮುರಿದಿದೆ, ಇಲ್ಲವೇ ಎರಡು ಒಂದರ ಮೇಲೊಂದು ಕೂತಿವೆ ಎಂದು ತೀರ್ಪು ಕೊಟ್ಟು, ಆ ಎಣಿಕೆಯನ್ನು ಲೆಕ್ಕದಿಂದ ತೆಗೆಸಿದೆ.

ಅವಳು ವಾದಿಸಲಿಲ್ಲ. ಅದೇ ಗಿಡದಿಂದ ಫಿಕ್ಸ್ ಮಾಡಿಟ್ಟಿದ್ದ ಕೊನೆಯ ತೆನೆಯನ್ನು ಫ್ರಿಜ್ಜಿನಿಂದ ತಂದು ನನ್ನ ಮುಂದಿಟ್ಟಳು. ಹೂ ಬಿಡುವ ಕಾಲ ಮುಗಿದಿದ್ದರಿಂದ ಬೇರೆ ತೆನೆ ಸಿಗುವಂತಿರಲಿಲ್ಲ. ಈ ಗುಂಪಿನಲ್ಲಿ ಗಂಡು ಹೂಗಳಿರುವುದು ತೆನೆಯ ಬುಡದಲ್ಲಿ. ಅವುಗಳಲ್ಲೂ ಸರಿಯಾದ ಹಂತದಲ್ಲಿದ್ದ ಪರಾಗಕೋಶಗಳು ಬೆರಳೆಣಿಕೆಯಷ್ಟು. ಒಂದನ್ನು ಸೂಜಿಯಿಂದ ಬಿಡಿಸಿ, ಅಸಿಟೋಕಾರ್ಮೈನ್ ಬಣ್ಣದ ಹನಿಯಲ್ಲಿ ಅರೆದು, ಸ್ಲೈಡನ್ನು ಫಿಲ್ಟರ್ ಕಾಗದದ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತುವಾಗ ಕವರ್‌ಸ್ಲಿಪ್ ಕೂದಲೆಳೆಯಷ್ಟು ಜಾರಿದರೂ ಎಲ್ಲವೂ ಕಲಸಿಹೋಗುತ್ತದೆ. ಅವಳು ಒತ್ತುತ್ತಿದ್ದಾಗ ಪಕ್ಕದಲ್ಲಿ ನಿಂತು ಸಲಹೆ ಕೊಡುವ ಚಟವನ್ನು ತಡೆದುಕೊಂಡದ್ದೊಂದೇ ಆ ದಿನ ನಾನು ಮಾಡಿದ ಸರಿಯಾದ ಕೆಲಸ.

ಎಣ್ಣೆಯ ಲೆನ್ಸಿನಡಿ ಬಹಳ ಹೊತ್ತು ಹುಡುಕಿದ ಮೇಲೆ ಮೆಟಾಫೇಸ್‌ನಲ್ಲಿದ್ದ, ಅಂದರೆ ವರ್ಣತಂತುಗಳು ಎಣಿಸಲು ಬರುವಂತೆ ಕಾಣುವ ಹಂತದಲ್ಲಿದ್ದ, ಒಂದು ಒಳ್ಳೆಯ ಕೋಶ ಸಿಕ್ಕಿತು. ಮೂವತ್ತಮೂರು ಜೋಡಿಗಳು ಬಿಡಿಬಿಡಿಯಾಗಿ ಹರಡಿದ್ದವು. ಅಂಚಿನಲ್ಲಿ ಮಾತ್ರ ಒಂದು ದೊಡ್ಡ ವರ್ಣತಂತುವಿಗೆ ಎದುರಾಗಿ ಎರಡು ಚಿಕ್ಕವು ಸಾಲಾಗಿ ಅಂಟಿಕೊಂಡಿದ್ದವು. ಅದು ಟ್ರೈವೇಲೆಂಟ್, ಜೋಡಿಯ ಬದಲು ಮೂರು ವರ್ಣತಂತುಗಳ ಕೂಟ. ತಟ್ಟಿದ್ದರಿಂದ ಮುರಿದ ತುಂಡುಗಳಾಗಿದ್ದರೆ ಹೀಗೆ ಜತೆಗೂಡಿ ನಿಲ್ಲುತ್ತಿರಲಿಲ್ಲ. 34 ಮತ್ತು 35 ವರ್ಣತಂತುಗಳ ಎರಡು ಲಿಂಗಾಣುಗಳು ಕೂಡಿ ಹುಟ್ಟಿದ ಗಿಡದಲ್ಲಿ ಇರಬೇಕಾದದ್ದೇ ಇದು, ಒಟ್ಟು 69.

ಅದನ್ನು ಎಸೆದಿದ್ದರೆ ಹೋಗುತ್ತಿದ್ದದ್ದು ಬರೀ ಒಂದು ಎಣಿಕೆಯಲ್ಲ. ಬೇರೆ ಸಸ್ಯಗಳಲ್ಲಿ ವರ್ಣತಂತುಗಳ ಇಡೀ ಗಣವೇ ಇಮ್ಮಡಿಯಾಗುವುದು ಸಾಮಾನ್ಯ. ಕ್ಯಾರೆಕ್ಸ್‌ನ ಬಹುಪಾಲು ಪ್ರಭೇದಗಳಲ್ಲಿ ಸಂಖ್ಯೆ ಏರುವುದು ಒಡೆಯುವುದರಿಂದ, ಇಳಿಯುವುದು ಬೆಸೆಯುವುದರಿಂದ, ಒಂದೊಂದಾಗಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಹೀಲ್‌ಬಾರ್ನ್ ಈ ಸಂಖ್ಯೆಗಳನ್ನು ಹಿಡಿದು ಕ್ಯಾರೆಕ್ಸ್‌ನ ವಂಶಾವಳಿಯನ್ನು ಚರ್ಚಿಸಿದ್ದು 1924ರಲ್ಲಿ. ಇಂದು ಡಿಎನ್‌ಎ ಆಧರಿಸಿ ಕಟ್ಟಿದ ವಂಶವೃಕ್ಷವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ, ಸಂಖ್ಯೆ ಒಂದೇ ಎಂಬ ಕಾರಣಕ್ಕೆ ಎರಡು ಗಿಡಗಳನ್ನು ಹತ್ತಿರದ ನೆಂಟರೆನ್ನಲು ಬರುವುದಿಲ್ಲ. ಬೇರೆ ಬೇರೆ ಕವಲುಗಳು ಅದೇ ಸಂಖ್ಯೆಗೆ ತಮ್ಮ ತಮ್ಮ ದಾರಿಯಲ್ಲಿ ಬಂದಿರಬಹುದು. ಸ್ಕೋಪೇರಿಯಾದಲ್ಲೇ, ತಂದೆತಾಯಿ ಗಿಡಗಳ ಸಂಖ್ಯೆಯ ಅಂತರ ಹೆಚ್ಚಿದಂತೆ ಮೊಳೆಯುವ ಬೀಜಗಳು ಕಡಿಮೆಯಾಗುತ್ತವೆ ಎಂದು 2016ರ ಒಂದು ಅಧ್ಯಯನ ತೋರಿಸಿದೆ. ಹಾಗಿರುವಾಗ ನಡುವಿನ ಬೆಸ ಸಂಖ್ಯೆಗಳನ್ನೇ ಜರಡಿ ಹಿಡಿದು ಚೆಲ್ಲುವುದೆಂದರೆ, ಒಂದು ಪ್ರಭೇದ ಒಳಗೊಳಗೇ ಬೇರೆಯಾಗತೊಡಗಿದ್ದರೆ ಅದರ ಸಾಕ್ಷಿಯನ್ನೇ ಚೆಲ್ಲಿದಂತೆ.

ಪ್ರಯೋಗಾಲಯದ ಮುಖ್ಯಸ್ಥರಾದ ಪಿಐಗೆ ಚಿತ್ರ ಕಳುಹಿಸಿ, ಎಣಿಕೆಯನ್ನು ಅವಳ ಹೆಸರಿನಲ್ಲೇ ದಾಖಲಿಸಲು ಕೂತೆವು. ದತ್ತಾಂಶದ ನಮೂನೆಯಲ್ಲಿ 69 ಎಂದು ತುಂಬಿದೊಡನೆ ಕೆಂಪು ಎಚ್ಚರಿಕೆ ಬಂತು: ಸಮಸಂಖ್ಯೆಯನ್ನು ಮಾತ್ರ ನಮೂದಿಸಿ. ಅಂಥದೊಂದು ನಿಯಮ ಬೇಕೆಂದು ಹಿಂದೆ ಮನವಿ ಕೊಟ್ಟವನು ನಾನೇ, ಅದು ಒಂದೇ ವಾರದಲ್ಲಿ ಜಾರಿಯಾಗಿತ್ತು. ಈಗ ತೆಗೆಯಿರಿ ಎಂದು ಕೊಟ್ಟ ಮನವಿ ಮಾತ್ರ ಐಟಿ ವಿಭಾಗದಲ್ಲಿ ಇನ್ನೂ ‘ಪರಿಶೀಲನೆಯಲ್ಲಿದೆ’. ಅಲ್ಲಿಯವರೆಗೆ ಬೆಸ ಎಣಿಕೆಗಳನ್ನೆಲ್ಲ ಷರಾ ಅಂಕಣದಲ್ಲಿ ಬರೆದಿಡುತ್ತಿದ್ದೇವೆ.